ಹಾಲಿಸೆಯ ಇಪ್ಪತ್ತು ಪದ

ನೆಲ ಒರೆಸುವ ಹಾಲಿಸೆ ಕೆಲಸಕ್ಕೆ ಬಂದಿದ್ದಾಳೋ ಇಲ್ಲವೋ ಅಂತ ತಿಳಿಯಲು ಹಾಜರಿ ಪುಸ್ತಕ ನೋಡಬೇಕಾಗಿರಲಿಲ್ಲ. ಬಲ್ಗೇರಿಯಾದ ಆರ್ದಾ ಹೊಳೆಯ ದಂಡೆಯ ಆ ಪಟ್ಟಣದ ಕಿವಿ ಆಸ್ಪತ್ರೆಗೆ ಬೆಳಗ್ಗೆ ಏಳು ಗಂಟೆಗೆ ಮೊದಲು ಅವಳ ಬಾಯಿ ಬರುತ್ತಿತ್ತು, ಆಮೇಲೆ ಬಕೆಟ್ಟು, ಕೊನೆಗೆ ಅವಳು. ಕೆಸರು ಬೂಟಿನಲ್ಲಿ ಒಳಗೆ ಬಂದವರನ್ನು ನಿಲ್ಲಿಸಿ, "ಹೊಲಾನೆಲ್ಲ ಇಲ್ಲಿಗೇ ಹೊತ್ಕೊಂಡು ಬಂದ್ರಲ್ಲ, ಇನ್ನು ಅಲ್ಲಿ ಉಳೋಕೆ ಏನು ಉಳೀತು?" ಅಂತ ಕೇಳುವಳು. ದೊಡ್ಡ ಡಾಕ್ಟರಾದರೂ ಸರಿ, ಒದ್ದೆ ನೆಲದ ಮೇಲೆ ಕಾಲಿಟ್ಟರೆ ಬಿಡುತ್ತಿರಲಿಲ್ಲ. ಹೆಡ್ ನರ್ಸ್ ಸ್ತೊಯಾಂಕಾಗೂ ಅವಳಿಗೂ ಇಪ್ಪತ್ತೆರಡು ವರ್ಷದ ಸ್ನೇಹ, ಅಂದರೆ ಇಪ್ಪತ್ತೆರಡು ವರ್ಷದ ಜಗಳ.

ಆದರೆ ಇಷ್ಟು ಮಾತಿನ ಹೆಂಗಸು ಆಸ್ಪತ್ರೆಯೊಳಗೆ ಒಂದೇ ಒಂದು ತುರ್ಕಿ ಪದ ಆಡುತ್ತಿರಲಿಲ್ಲ. ಆಡುವುದೆಲ್ಲ ಬಲ್ಗೇರಿಯನ್. ಹುಟ್ಟಿದ್ದು ತಂಬಾಕಿನ ಬೆಟ್ಟದ ಮೇಲೆ, ತುರ್ಕಿ ಮಾತಿನ ಮನೆಯಲ್ಲಿ. ಬಸ್ ಡ್ರೈವರ್ ಸಾಲಿಹ್‌ನನ್ನು ಕಟ್ಟಿಕೊಂಡು ಪಟ್ಟಣಕ್ಕಿಳಿದವಳು. ಮನೆಯಲ್ಲಿ ಬೈಯುವುದು, ನಗುವುದು, ದೇವರನ್ನು ಬೇಡುವುದು, ಲೆಕ್ಕ ಎಲ್ಲ ತುರ್ಕಿಯಲ್ಲೇ. ಆಸ್ಪತ್ರೆಯ ಮೆಟ್ಟಿಲು ಹತ್ತಿದಳೋ, ಆ ಭಾಷೆಯನ್ನು ಒದ್ದೆ ಕೊಡೆಯ ಹಾಗೆ ಹೊರಗೇ ಬಿಟ್ಟು ಬರುವಳು.

ಅದಕ್ಕೆ ಕಾರಣ ಇತ್ತು. ಸರ್ಕಾರ ತುರ್ಕಿ ಮಾತಿನವರ ಹೆಸರನ್ನೆಲ್ಲ ಬಲ್ಗೇರಿಯನ್‌ಗೆ ಬದಲಾಯಿಸಿದ ಎಂಬತ್ತೈದರ ಚಳಿಗಾಲ ಅವಳನ್ನೂ ಹಲಿನಾ ಅಂತ ಬರೆಸಿದರು; ಬೀದಿಯಲ್ಲಿ, ಅಂಗಡಿಯಲ್ಲಿ, ಕೆಲಸದಲ್ಲಿ ತುರ್ಕಿ ಆಡಕೂಡದು ಅಂತ ಬೋರ್ಡು ತೂಗುಹಾಕಿದರು. ಒಂದು ದಿನ ಕಿವಿನೋವಿಗೆ ಅಳುತ್ತಿದ್ದ ಕೂಸಿಗೆ ಅವಳು, "ಅಳಬೇಡ ಕಂದ, ಈಗ ಹೋಗುತ್ತೆ" ಅಂತ ಬಾಯಿತಪ್ಪಿ ತುರ್ಕಿಯಲ್ಲಿ ಅಂದಳು. ಯಾರು ಚಾಡಿ ಹೇಳಿದರೋ ದೇವರೇ ಬಲ್ಲ. ಮರುದಿನದಿಂದ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆ, ನಾಲ್ಕು ವರ್ಷ. ಕಾಲ ಬದಲಾಯಿತು, ಹೆಸರು ವಾಪಸ್ ಬಂತು, ಬೋರ್ಡು ಕಿತ್ತು ಬಿಸಾಡಿದರು. ಅವಳು ಮೇಲೆ ಬಂದಳು. ನಾಲಗೆ ಮಾತ್ರ ಇನ್ನೂ ಕೆಳಗೇ ಇತ್ತು. "ಈಗ ಯಾರು ಬೇಡ ಅಂತಾರೆ?" ಅಂತ ಸಾಲಿಹ್ ಕೇಳಿದರೆ, "ಸುಟ್ಟುಕೊಂಡಿದ್ದು ನನ್ನ ನಾಲಗೆ, ನಿಂದಲ್ಲ" ಅನ್ನುವಳು.

ತೊಂಬತ್ತೇಳರ ಮೇ ತಿಂಗಳ ಒಂದು ಗುರುವಾರ ರುಕಿಯೆ ಅನ್ನುವ ತಂಬಾಕಿನ ಹಳ್ಳಿಯ ಹೆಂಗಸು ಆರು ವರ್ಷದ ಮಗಳು ನುರ್ಜಾನ್‌ಳನ್ನು ಕರೆದುಕೊಂಡು ಮೊದಲ ಬಸ್ಸಿಗೆ ಬಂದಳು. ಹುಡುಗಿಗೆ ಕಿವಿ ಮಂದ. ಎಷ್ಟು ಮಂದ ಅಂತ ಯಾರಿಗೂ ಗೊತ್ತಿಲ್ಲ. ಆಡುವ ನಾಲ್ಕು ಮಾತೂ ಅರ್ಧರ್ಧ, ತಾಯಿಗೆ ಬಿಟ್ಟರೆ ಇನ್ಯಾರಿಗೂ ತಿಳಿಯದು. ಗುರುವಾರ ಮಧ್ಯಾಹ್ನ ಎರಡಕ್ಕೆ ಮಕ್ಕಳ ಕಮಿಟಿ ಸೇರುತ್ತದೆ. ಯಾವ ಮಗು ಯಾವ ಶಾಲೆಗೆ, ಯಾರಿಗೆ ಕಿವಿಯ ಮಿಷನ್, ಎಲ್ಲ ತೀರ್ಮಾನ ಅಲ್ಲೇ. ಕಮಿಟಿಗೆ ಬೇಕಾಗಿದ್ದು ಡಾಕ್ಟರು ಬರೆದ ಒಂದು ಹಾಳೆ.

ಡಾಕ್ಟರು ರಲಿತ್ಸಾ ಮಿಂಚೆವಾ, ಸೋಫಿಯಾದಿಂದ ಬಂದು ಮೂರು ವಾರವಾಗಿತ್ತು. ಒಳ್ಳೆಯ ಹುಡುಗಿ, ಮಕ್ಕಳನ್ನು ಕಂಡರೆ ಪ್ರೀತಿ, ಕೆಲಸದಲ್ಲಿ ಚುರುಕು. ಮೊದಲು ಹೆಡ್‌ಫೋನ್ ಹಾಕಿ, ಪೀಂ ಅಂದಾಗೆಲ್ಲ ಕಡ್ಡಿಗೆ ಒಂದು ಬಳೆ ಹಾಕಬೇಕು ಅಂತ ಕೈಸನ್ನೆಯಲ್ಲೇ ತೋರಿಸಿಕೊಟ್ಟಳು. ನುರ್ಜಾನ್ ಸಣ್ಣ ಸದ್ದಿಗೆ ಸುಮ್ಮನಿದ್ದಳು, ದೊಡ್ಡ ಸದ್ದಿಗೆಲ್ಲ ತಪ್ಪದೆ ಬಳೆ ಹಾಕಿದಳು. ಪೂರ್ತಿ ಕಿವುಡು ಅಲ್ಲ ಅಂತಾಯಿತು. ಇನ್ನು ಮಾತು ತಿಳಿಯುತ್ತದೋ ಇಲ್ಲವೋ ನೋಡಬೇಕು. ಡಾಕ್ಟರು ಚಿತ್ರಗಳ ಹಲಗೆ ಹುಡುಗಿಯ ಮುಂದಿಟ್ಟು, ಬೆನ್ನ ಹಿಂದೆ ಕೂತು, ತುಟಿ ಕಾಣದ ಹಾಗೆ ಕಾಗದ ಅಡ್ಡ ಹಿಡಿದು, ಇಪ್ಪತ್ತು ಪದದ ಪಟ್ಟಿಯಿಂದ ಗಟ್ಟಿಯಾಗಿ ಒಂದೊಂದೇ ಬಲ್ಗೇರಿಯನ್ ಪದ ಹೇಳತೊಡಗಿದಳು. ಹೇಳಿದ್ದನ್ನು ಮಗು ಚಿತ್ರದಲ್ಲಿ ತೋರಿಸಬೇಕು. ಹಾಲಿಸೆ ಅದೇ ಕೋಣೆಯ ಕಿಟಕಿ ಗಾಜು ಒರೆಸುತ್ತಿದ್ದಳು.

"ಬಾಬಾ," ಅಂದಳು ಡಾಕ್ಟರು. ಹಲಗೆಯ ಮೇಲೆ ತಲೆಗೆ ಬಟ್ಟೆ ಕಟ್ಟಿದ ಅಜ್ಜಿಯ ಚಿತ್ರ ಇತ್ತು. ಹುಡುಗಿ ಅಜ್ಜಿಯನ್ನು ಬಿಟ್ಟು ಮೀಸೆಯ ಗಂಡಸನ್ನು ತೋರಿಸಿದಳು. ಡಾಕ್ಟರು ತಪ್ಪು ಅಂತ ಗೀಟು ಹಾಕಿದಳು. ಮುಂದಿನ ಐದು ಪದಕ್ಕೆ ಹುಡುಗಿ ಪಿಳಿಪಿಳಿ ನೋಡಿದಳು, ಅಷ್ಟೆ. "ಕೊಶ್" ಅಂದಳು ಡಾಕ್ಟರು. ಬುಟ್ಟಿಯ ಚಿತ್ರ ತೋರಿಸಬೇಕಾಗಿತ್ತು. ನುರ್ಜಾನ್ ಕುರ್ಚಿಯಿಂದ ಟಣ್ಣನೆ ಎದ್ದು ಬಾಗಿಲ ಕಡೆ ಓಡಿದಳು. ದಾರಿಯಲ್ಲಿ ಹಾಲಿಸೆಯ ಬಕೆಟ್ಟು. ಅರ್ಧ ನೀರು ನೆಲಕ್ಕೆ, ಇನ್ನರ್ಧ ಹಾಲಿಸೆಯ ಚಪ್ಪಲಿಗೆ.

ಹುಡುಗಿಯನ್ನು ಮತ್ತೆ ತಂದು ಕೂರಿಸಿದರು. "ಸೊಲ್" ಅಂದರೆ ಉಪ್ಪಿನ ಡಬ್ಬಿ ತೋರಿಸುವುದು ಬಿಟ್ಟು ಎಡಗೈ ಎತ್ತಿದಳು. "ಕೋಲ್" ಅಂದರೆ ಟೊಮೇಟೊ ಗಿಡದ ಗೂಟ ತೋರಿಸುವುದು ಬಿಟ್ಟು ತನ್ನ ತೋಳು ಮುಟ್ಟಿಕೊಂಡಳು. ಇಪ್ಪತ್ತರಲ್ಲಿ ಸರಿ ಬಂದಿದ್ದು ಎರಡು. ಡಾಕ್ಟರು ನಿಟ್ಟುಸಿರುಬಿಟ್ಟು ಹಾಳೆಯ ಕೆಳಗೆ ಬರೆದಳು: ಸದ್ದು ಕೇಳುತ್ತದೆ, ಮಾತು ಗ್ರಹಿಸುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ, ಮಂದಬುದ್ಧಿ ಇದ್ದ ಹಾಗಿದೆ. ಮಿಷನ್ ಹಾಕಿ ಪ್ರಯೋಜನವಿಲ್ಲ. ಸಹಾಯಕ ಶಾಲೆಗೆ ಕಳಿಸಬಹುದು.

ಕಾರಿಡಾರಿನಲ್ಲಿ ಡಾಕ್ಟರು ಇದನ್ನೇ ತಾಯಿಗೆ ನಿಧಾನವಾಗಿ, ಮೆತ್ತಗೆ ಹೇಳಿದಳು. ರುಕಿಯೆಗೆ ಬಲ್ಗೇರಿಯನ್ ಬರುವುದು ತಂಬಾಕಿನ ಡಿಪೋದಲ್ಲಿ ವ್ಯವಹಾರ ಮಾಡುವಷ್ಟು. ಹೂಂ ಹೂಂ ಅಂದಳು, ಥ್ಯಾಂಕ್ಸ್ ಹೇಳಿದಳು, ನಕ್ಕಳು. ಡಾಕ್ಟರು ಊಟಕ್ಕೆ ಹೋದ ಮೇಲೆ ಬಾಗಿಲಲ್ಲಿ ನಿಂತಿದ್ದ ಹಾಲಿಸೆಯ ಮುಖ ನೋಡಿ, ಇವಳು ನಮ್ಮವಳೇ ಅಂತ ಹೇಗೋ ಗುರುತು ಹಿಡಿದು, ತುರ್ಕಿಯಲ್ಲಿ ಮೆಲ್ಲಗೆ ಅಂದಳು:

"ಅಕ್ಕಾ, ನನ್ನ ಮಗಳಿಗೆ ಸಹಾಯದ ಶಾಲೆ ಕೊಡ್ತಾರಂತೆ. ಅಲ್ಲೇ ಇಟ್ಕೊಂಡು, ಊಟ ಹಾಕಿ, ಕಲಿಸ್ತಾರಂತೆ. ದೇವರು ದೊಡ್ಡವನು."

ಸಹಾಯಕ ಶಾಲೆ ಅಂದರೆ ಏನು ಅಂತ ಪಟ್ಟಣದಲ್ಲಿದ್ದವರಿಗೆಲ್ಲ ಗೊತ್ತು. ತಲೆ ಓಡದ ಮಕ್ಕಳನ್ನು ಇಡುವ ಜಾಗ, ಮೂರು ತಾಸಿನ ದಾರಿ. ಅಲ್ಲಿಗೆ ಹೋದ ಮಗುವನ್ನು ಯಾರೂ ಮತ್ತೆ ಪರೀಕ್ಷೆ ಮಾಡುವುದಿಲ್ಲ. ಹಾಲಿಸೆ ಹೇಳಬೇಕು ಅಂತ ಬಾಯಿ ತೆರೆದಳು. ಅಭ್ಯಾಸಬಲ, ಮೊದಲು ಕಾರಿಡಾರಿನ ಆಚೆ ಈಚೆ ನೋಡಿದಳು. ಅಷ್ಟರಲ್ಲಿ ರುಕಿಯೆ ಮಗಳ ಕಡೆ ತಿರುಗಿ ಏನೋ ಅಂದಳು, ಹಾಲಿಸೆ ಬಾಯಿ ಮುಚ್ಚಿಕೊಂಡು ನೆಲಕ್ಕೆ ಬಿದ್ದ ನೀರು ಒರೆಸಲು ಒಳಗೆ ಹೋದಳು. ಹೇಡಿ ಅಂತ ತನ್ನನ್ನು ತಾನೇ ಬೈದುಕೊಂಡಳು.

ಒರೆಸುವ ಬಟ್ಟೆ ಹಿಂಡುತ್ತ ಗೊಣಗಿದಳು. ಆ ಮಗುವಾದರೂ ಹಾಗೇಕೆ ಓಡಿತು? ಕೂತಿದ್ದ ಮಗು, ಕೊಶ್ ಅಂದ ಕೂಡಲೇ... ಕೊಶ್. ಅವಳ ಕೈ ನಿಂತಿತು. ಇಷ್ಟು ವರ್ಷ ಆ ಪದವನ್ನು ಈ ಕೋಣೆಯಲ್ಲಿ ಬುಟ್ಟಿ ಅಂತಲೇ ಕೇಳಿದ್ದವಳು ಈಗ ಮೊದಲ ಸಲ ಮನೆಯ ಕಿವಿಯಲ್ಲಿ ಕೇಳಿದಳು. ತುರ್ಕಿಯಲ್ಲಿ ಕೊಶ್ ಅಂದರೆ ಓಡು! ಮಗು ಓಡಿದ್ದು ತುಂಟತನಕ್ಕಲ್ಲ, ಓಡು ಅಂತ ಹೇಳಿದ್ದಕ್ಕೆ. ಬಾಬಾ ಅಂದರೆ ಅಪ್ಪ, ಮೀಸೆಯವನನ್ನು ತೋರಿಸಿತು. ಸೊಲ್ ಅಂದರೆ ಎಡ, ಎಡಗೈ ಎತ್ತಿತು. ಕೋಲ್ ಅಂದರೆ ತೋಳು, ತೋಳು ಮುಟ್ಟಿಕೊಂಡಿತು. ಒಂದೂ ತಪ್ಪಿಲ್ಲ; ಉಳಿದವು ಮನೆಯಲ್ಲಿ ಕೇಳಿಯೇ ಇರದ ಪದ. ಹುಡುಗಿ ಅಕ್ಷರ ಬಿಡದೆ ಕೇಳಿಸಿಕೊಂಡಿದೆ, ಇಲ್ಲಿ ಕೂತವರು ತಪ್ಪು ಅಂತ ಗೀಟು ಹಾಕಿದ್ದಾರೆ.

ಹಾಲಿಸೆ ಬಟ್ಟೆ ಅಲ್ಲೇ ಎಸೆದು ಎರಡೆರಡು ಮೆಟ್ಟಿಲು ಹಾರುತ್ತ ಕೆಳಗಿಳಿದಳು. ಮಂಡಿನೋವಿನ ಹೆಂಗಸು ಹೀಗೆ ಓಡಿದ್ದನ್ನು ಕಂಡು ಸ್ತೊಯಾಂಕಾ ಎಲ್ಲಾದರೂ ಬೆಂಕಿ ಬಿತ್ತಾ ಅಂತ ಹಿಂದೆಯೇ ಬಂದಳು. ಡಾಕ್ಟರು ಊಟದ ಕೋಣೆಯಲ್ಲಿ ಚೀಸು ತುಂಬಿದ ಬಾನಿತ್ಸಾ ರೊಟ್ಟಿ ತಿನ್ನುತ್ತಿದ್ದಳು. ಗಂಟೆ ಒಂದು ಹೊಡೆಯಲು ಐದು ನಿಮಿಷ.

"ಡಾಕ್ಟ್ರಮ್ಮಾ, ಆ ಹುಡುಗಿಗೆ ಬುದ್ಧಿ ಸರಿಯಾಗೇ ಇದೆ. ಪಟ್ಟಿಗೇ ಇಲ್ಲ," ಅಂದಳು ಹಾಲಿಸೆ, ಏದುಸಿರು ಬಿಡುತ್ತ.

ಡಾಕ್ಟರಿಗೆ ಸಿಟ್ಟು ಬಂತು. ಊಟದ ಹೊತ್ತಿನಲ್ಲಿ ನೆಲ ಒರೆಸುವವಳು ಬಂದು ಪರೀಕ್ಷೆಯ ಪಟ್ಟಿಗೆ ಬುದ್ಧಿ ಇಲ್ಲ ಅಂದರೆ ಯಾರಿಗೆ ಬರುವುದಿಲ್ಲ? ಪಟ್ಟಿ ದೊಡ್ಡ ದೊಡ್ಡವರು ಕೂತು ಮಾಡಿದ್ದು, ನೀವು ನಿಮ್ಮ ಕೆಲಸ ನೋಡಿಕೊಳ್ಳಿ ಅಂದಳು. ಹಾಲಿಸೆ ಬಿಡಲಿಲ್ಲ. ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿ ಎತ್ತಿ ಡಾಕ್ಟರ ಮುಂದೆ ಕುಕ್ಕಿದಳು.

"ಇದು ನಿಮಗೆ ಸೊಲ್, ಉಪ್ಪು. ನಮ್ಮ ಮನೇಲಿ ಸೊಲ್ ಅಂದ್ರೆ ಎಡ. ಅವಳು ಯಾವ ಕೈ ಎತ್ತಿದಳು, ನೆನಪು ಮಾಡ್ಕೊಳ್ಳಿ. ಕೊಶ್ ಅಂದ್ರೆ ಓಡು. ನೀವು ಓಡು ಅಂದ್ರಿ, ಅವಳು ಓಡಿದಳು. ಮಾತು ಕೇಳೋ ಮಗೂನ ಮಾತು ಕೇಳೋಲ್ಲ ಅಂತ ಬರೆದ್ರಲ್ಲ ತಾಯಿ."

ಡಾಕ್ಟರು ಬಾಯಲ್ಲಿದ್ದ ತುತ್ತು ಅಗಿಯುವುದನ್ನು ನಿಲ್ಲಿಸಿದಳು. ಕೈಯೊರೆಸಿಕೊಂಡು ಹಾಳೆ ತೆಗೆದಳು. ಅಚ್ಚುಕಟ್ಟಿನ ಹುಡುಗಿ, ಮಗು ಮಾಡಿದ ತಪ್ಪನ್ನೆಲ್ಲ ಪಕ್ಕದಲ್ಲೇ ಬರೆದಿಟ್ಟಿದ್ದಳು: ಗಂಡಸನ್ನು ತೋರಿಸಿತು, ಎದ್ದು ಓಡಿತು, ಎಡಗೈ ಎತ್ತಿತು, ತೋಳು ಮುಟ್ಟಿತು. ಒಂದೊಂದನ್ನೇ ಬೆರಳಿಟ್ಟು ಕೇಳಿದಳು, ಹಾಲಿಸೆ ಒಂದೊಂದಕ್ಕೂ ಅರ್ಥ ಹೇಳಿದಳು. ಡಾಕ್ಟರ ಕಿವಿ ಕೆಂಪಾಯಿತು. ಎದ್ದು ನಿಂತಳು. ಅರ್ಧ ಬಾನಿತ್ಸಾ ತಟ್ಟೆಯಲ್ಲೇ ಉಳಿಯಿತು. "ಒಂದು ಗಂಟೆ ಟೈಮಿದೆ. ನಿಮ್ಮ ಭಾಷೇಲಿ ಇಪ್ಪತ್ತು ಪದ ಬೇಕು, ಈಗಲೇ," ಅಂದಳು.

ಇಬ್ಬರಿಗೂ ಹುಚ್ಚು ಹಿಡಿದ ಹಾಗಾಯಿತು. ರೋಗಿಗಳ ಊಟದ ಚೀಟಿಯ ಹಿಂಬದಿಯಲ್ಲಿ ಬರೆಯಲು ಕೂತರು. ಹಾಲಿಸೆ ಮೊದಲು ತಂಬಾಕು, ಕತ್ತೆ, ಮುತ್ತಜ್ಜಿ, ಮದುವೆ ದಿಬ್ಬಣ ಅಂತ ಉದ್ದುದ್ದ ಪದ ಹೇಳಿದಳು. ಡಾಕ್ಟರು ತಲೆ ಅಲ್ಲಾಡಿಸಿದಳು. ಉದ್ದದ ಪದವಾದರೆ ಅರ್ಧ ಕೇಳಿ ಉಳಿದದ್ದನ್ನು ಊಹಿಸಿಬಿಡಬಹುದು. ಚಿಕ್ಕದು ಬೇಕು, ಒಂದಕ್ಕೊಂದು ಹತ್ತಿರ ಇರಬೇಕು, ಚಿತ್ರ ಇಲ್ಲದೆಯೂ ಮಗು ಮುಟ್ಟಿ ತೋರಿಸುವಂತಿರಬೇಕು. ಹಾಲಿಸೆಗೆ ಅದು ತಟ್ಟನೆ ತಿಳಿಯಿತು. ಬಾಶ್ ಅಂದರೆ ತಲೆ, ಕಾಶ್ ಅಂದರೆ ಹುಬ್ಬು. ಒಂದೇ ಒಂದು ಅಕ್ಷರ ಬೇರೆ. ಸರಿಯಾಗಿ ಕೇಳದವರು ಹುಬ್ಬಿನ ಬದಲು ತಲೆ ಮುಟ್ಟುತ್ತಾರೆ. "ಅದೇ, ಅದೇ!" ಅಂತ ಡಾಕ್ಟರು ಮೇಜು ಗುದ್ದಿದಳು. ಹಲ್ಲು, ನಾಲಗೆ, ಕಣ್ಣು, ಕೂದಲು, ಕೈ, ಕಾಲು ಎಲ್ಲ ಬಂದವು. ಹದಿನೆಂಟಾದ ಮೇಲೆ ಮೈಯ ಭಾಗ ಮುಗಿದವು, ಉಳಿದ ಎರಡು ಪದಕ್ಕೆ ಬಾಗಿಲು ಕಿಟಕಿ ಹಾಕಿಕೊಂಡರು.

ಒಂದೂವರೆಗೆ ನುರ್ಜಾನ್ ಮತ್ತೆ ಅದೇ ಕುರ್ಚಿಯಲ್ಲಿ ಕೂತಳು. ತಾಯಿ ಮೂಲೆಯಲ್ಲಿ, ಏನಾಗುತ್ತಿದೆ ಅಂತ ತಿಳಿಯದೆ. ಹಾಲಿಸೆ ಬೆನ್ನ ಹಿಂದೆ ಕೂತು ಕಾಗದ ಅಡ್ಡ ಹಿಡಿದಳು. ಮೊದಲ ಪದ ಎದುರಿಗೇ ಇತ್ತು, ಕಣ್ಣು ಅಂತ. ಹೇಳಬೇಕು. ಹೇಳುವ ಬದಲು ಬಾಗಿಲ ಕಡೆ ನೋಡಿದಳು. ಈ ಕೋಣೆಯಲ್ಲಿ, ಈ ಬಿಳಿ ಗೋಡೆಗಳ ನಡುವೆ, ಡಾಕ್ಟರ ಎದುರು ತುರ್ಕಿ. ಬಾಗಿಲಲ್ಲಿ ನಿಂತಿದ್ದ ಸ್ತೊಯಾಂಕಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಂದಳು: "ಲೇ ಹಾಲಿಸೆ, ಇಪ್ಪತ್ತೆರಡು ವರ್ಷ ನನ್ನ ಕಿವಿ ತೂತು ಮಾಡಿದೀಯಲ್ಲ, ಈಗ ಏನಾಗಿದೆ ರೋಗ? ಜೋರಾಗಿ ಹೇಳು, ನಾನು ಬಾಗಿಲು ಕಾಯ್ತೀನಿ."

ಹಾಲಿಸೆ ಹೇಳಿದಳು. ನುರ್ಜಾನ್ ಬೆಚ್ಚಿ ನೆಟ್ಟಗೆ ಕೂತಳು; ಬೆನ್ನ ಹಿಂದಿನಿಂದ ಮನೆಯ ಮಾತು ಬಂದಿತ್ತು. ಬೆರಳು ಕಣ್ಣಿಗೆ ಹೋಯಿತು. ಹಲ್ಲು ಅಂದರೆ ಹಲ್ಲು. ಕೂದಲು ಅಂದರೆ ಎರಡೂ ಜಡೆ ಹಿಡಿದು ತೋರಿಸಿದಳು. ಬಾಶ್, ತಲೆ. ಆಮೇಲೆ ಕಾಶ್. ಹುಡುಗಿ ಒಂದು ಕ್ಷಣ ಯೋಚಿಸಿ, ಉಗುರಿನ ತುದಿಯಿಂದ ಹುಬ್ಬು ಸವರಿಕೊಂಡಳು. ಡಾಕ್ಟರು ಪೆನ್ನು ಕೆಳಗೆ ಬೀಳಿಸಿದಳು. ಗಟ್ಟಿ ಸ್ವರದಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು.

ಆಮೇಲೆ ಮಾಮೂಲು ಸ್ವರದಲ್ಲಿ, ಮನೆಯಲ್ಲಿ ಮಾತಾಡುವ ಹಾಗೆ ಹೇಳಿಸಿದರು. ಇಪ್ಪತ್ತಕ್ಕೆ ಆರು. ರುಕಿಯೆಯ ಮುಖ ಬಾಡಿತು, ಆದರೆ ಡಾಕ್ಟರು ಕುಣಿಯುವುದೊಂದೇ ಬಾಕಿ. ಬಳೆ ಪರೀಕ್ಷೆಗೂ ಇದಕ್ಕೂ ಸರಿಯಾಗಿ ತಾಳೆಯಾಗಿತ್ತು. ಇದು ಬುದ್ಧಿಯ ದೋಷ ಅಲ್ಲ, ಬರೀ ಕಿವಿಯದು, ಮಿಷನ್ ಇರುವುದೇ ಇಂಥವರಿಗೆ. ಬೀರುವಿನಿಂದ ಪರೀಕ್ಷೆಗೆ ಇಟ್ಟಿದ್ದ ಮಿಷನ್ ತಂದು ಹುಡುಗಿಯ ಕಿವಿಯ ಹಿಂದೆ ಸಿಕ್ಕಿಸಿ ತಿರುಪು ತಿರುಗಿಸಿದಳು. ನುರ್ಜಾನ್ ಕಾಲು ಅಲ್ಲಾಡಿಸಿದಳು, ಚಪ್ಪಲಿ ನೆಲಕ್ಕೆ ಉಜ್ಜಿತು. ಬಗ್ಗಿ ನೋಡಿದಳು. ಮತ್ತೆ ಉಜ್ಜಿದಳು. ಮತ್ತೆ. ಆ ಸದ್ದು ತನ್ನದೇ ಅಂತ ತಿಳಿದು ನಕ್ಕಳು. ಹಾಲಿಸೆ ಅದೇ ಮಾಮೂಲು ಸ್ವರದಲ್ಲಿ ಪಟ್ಟಿ ಓದಿದಳು. ಇಪ್ಪತ್ತಕ್ಕೆ ಹದಿನೇಳು. ಎಲ್ಲ ಮುಗಿದ ಮೇಲೆ ಹಾಲಿಸೆ, ಪಟ್ಟಿಯಲ್ಲಿಲ್ಲದ ಒಂದು ಪದ ಪಿಸುಗುಟ್ಟಿದಳು: ಕೊಶ್. ಹುಡುಗಿ ಬಾಣದ ಹಾಗೆ ಬಾಗಿಲಿಗೆ ಓಡಿ ಸ್ತೊಯಾಂಕಾಳ ದಪ್ಪ ಹೊಟ್ಟೆಗೆ ಢಿಕ್ಕಿ ಹೊಡೆದಳು. ದೊಡ್ಡವರು ನಾಲ್ಕೂ ಜನ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಡಾಕ್ಟರು ಹಳೆಯ ಹಾಳೆ ಹರಿದು ಹೊಸದು ಬರೆದಳು. ಆಗ ಹಾಲಿಸೆ ರುಕಿಯೆಯನ್ನು ಕೂರಿಸಿಕೊಂಡು, ಈ ಸಲ ಆಚೀಚೆ ನೋಡದೆ, ಸಹಾಯಕ ಶಾಲೆ ಅಂದರೆ ಏನು ಅಂತ ಬಿಡಿಸಿ ಹೇಳಿದಳು. ರುಕಿಯೆ ಮಗಳ ಕಿವಿಯ ಹಿಂದಿನ ಮಿಷನ್ನನ್ನು ಮುಟ್ಟಿ ಮುಟ್ಟಿ ನೋಡಿದಳು. "ನಾನು ಖುಷಿಪಟ್ಟೆನಲ್ಲ ಅಕ್ಕಾ. ಕೈಮುಗಿದು ಕಳಿಸಿಬಿಡ್ತಿದ್ದೆ," ಅಂದಳು.

ಎರಡು ಗಂಟೆಗೆ ಕಮಿಟಿ. ಹಾಲಿಸೆಗೆ ಅಲ್ಲಿ ಕೆಲಸವಿರಲಿಲ್ಲ, ಆದರೆ ಡಾಕ್ಟರು ಕೈ ಹಿಡಿದು ಎಳೆದುಕೊಂಡು ಹೋದಳು. ಮೂವರು ಕೂತಿದ್ದರು. ನಡುವೆ ಇದ್ದ ಹಿರಿಯರು ಹಾಳೆ ಓದಿದರು, ಹುಡುಗಿಯನ್ನು ನೋಡಿದರು, ಈ ಪಟ್ಟಿ ಎಲ್ಲಿಂದ ಬಂತು ಅಂತ ಕೇಳಿದರು. ಊಟದ ಚೀಟಿಯ ಹಿಂಬದಿ ಕೈಯಿಂದ ಕೈಗೆ ಹೋಯಿತು. ಅಂಕಿ ಅಂಶ ಎಲ್ಲ ಸರಿಯಾಗಿತ್ತು, ಇಲ್ಲ ಅನ್ನಲು ಏನೂ ಉಳಿದಿರಲಿಲ್ಲ. ಎರಡೂ ಕಿವಿಗೆ ಮಿಷನ್, ತನ್ನೂರಿನ ಶಾಲೆಯಲ್ಲೇ ಒಂದನೇ ತರಗತಿ, ವಾರಕ್ಕೊಮ್ಮೆ ಮಾತಿನ ಅಭ್ಯಾಸಕ್ಕೆ ಇಲ್ಲಿಗೆ. ಮೊಹರು ಬಿತ್ತು. ಹಾಲಿಸೆಯ ಕಾಲು ನೆಲದ ಮೇಲಿರಲಿಲ್ಲ.

ಹಿರಿಯರು ಕನ್ನಡಕ ತೆಗೆದು ಒರೆಸುತ್ತ, ತಮಾಷೆ ಅಂದುಕೊಂಡೇ ಅಂದರು: "ವಿಚಿತ್ರ ನೋಡಿ. ತಂಬಾಕಿನ ಊರಿನ ಮಕ್ಕಳೆಲ್ಲ ಹೀಗೇ. ಪಟ್ಟಿ ಅರ್ಧ ಆಗೋ ಮೊದಲೇ ಎದ್ದು ಓಡ್ತಾವೆ. ಆಟದ ಬುದ್ಧಿ ಅಂತ ನಾವು ಅಂದ್ಕೊಂಡಿದ್ವಿ."

ಹಾಲಿಸೆಯ ನಗು ಅಲ್ಲೇ ನಿಂತಿತು. ಹೌದು, ಓಡುತ್ತಿದ್ದವು. ಆ ಬಾಗಿಲಿನಿಂದ ಕಾರಿಡಾರಿಗೆ, ಅವಳು ಆಗಷ್ಟೇ ಒರೆಸಿದ ನೆಲದ ಮೇಲೆ. ಅವಳೇ ಹಿಡಿಯುತ್ತಿದ್ದಳು. "ಎಲ್ಲಿಗೋ ಓಡ್ತೀಯಾ ಕಳ್ಳಾ" ಅಂತ ಬಲ್ಗೇರಿಯನ್‌ನಲ್ಲಿ ಗದರಿ, ರಟ್ಟೆ ಹಿಡಿದು, ತಂದು ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸುತ್ತಿದ್ದಳು. ಎಷ್ಟು ಮಕ್ಕಳು? ಲೆಕ್ಕ ಇಟ್ಟಿರಲಿಲ್ಲ. ಆಮೇಲೆ ಅವು ಎಲ್ಲಿಗೆ ಹೋದವು ಅಂತ ಒಮ್ಮೆಯೂ ಕೇಳಿರಲಿಲ್ಲ.

ಹೊರಗೆ ಬಂದ ಮೇಲೆ ಇದನ್ನು ಡಾಕ್ಟರಿಗೆ ಹೇಳಿದಳು, ಒಂದನ್ನೂ ಮುಚ್ಚಿಡದೆ. ಡಾಕ್ಟರು ಬೀಗದ ಕೈ ಇಸಿದುಕೊಂಡು ಹಳೆಯ ಹಾಳೆಗಳ ಬೀರು ತೆಗೆದಳು. ಇಬ್ಬರೂ ನೆಲದ ಮೇಲೆ ಕೂತರು. ಒಬ್ಬಳು ಓದಿದಳು, ಇನ್ನೊಬ್ಬಳು ಊರಿನ ಹೆಸರು ನೋಡಿ ಯಾವ ಮಾತಿನ ಮನೆ ಅಂತ ಹೇಳಿದಳು. ನಾಲ್ಕನೆಯ ಕಟ್ಟಿನಲ್ಲೇ ಒಂದು ಸಿಕ್ಕಿತು. ಎಂಬತ್ತಾರನೆಯ ಇಸವಿ, ಹಾಲಿಸೆ ನೆಲಮಾಳಿಗೆಯಲ್ಲಿದ್ದ ಕಾಲ; ಆರು ವರ್ಷದ ಹುಡುಗ. ಹೆಸರು ಬದಲಾಯಿಸಿದ ಕಾಲದ ಬಲ್ಗೇರಿಯನ್ ಹೆಸರು, ಆದರೆ ಊರು ಗೊತ್ತಿದ್ದದ್ದೇ. ಏಳನೆಯ ಪದ ಕೊಶ್, ಅದರ ಪಕ್ಕ ಬರೆದಿತ್ತು: ಕಾರಣವಿಲ್ಲದೆ ಎದ್ದು ಓಡಿದ. ಕೆಳಗೆ ಸಹಾಯಕ ಶಾಲೆಯ ಮೊಹರು.

ಡಾಕ್ಟರು ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಅವನಿಗೆ ಈಗ ಹದಿನೇಳಾಗಿರುತ್ತದೆ, ಮಾತು ಕಲಿಯುವ ವಯಸ್ಸು ದಾಟಿಹೋಗಿದೆ, ಈಗ ಏನು ಮಾಡಲಿಕ್ಕಾಗುತ್ತದೆ ಅಂತ ಕೇಳಿದಳು.

"ಹದಿನೇಳಾದ್ರೆ ಕಿವಿ ಉದುರಿಹೋಗುತ್ತಾ ಡಾಕ್ಟ್ರಮ್ಮಾ?" ಅಂದಳು ಹಾಲಿಸೆ. "ಕಾಗದ ಬರೀರಿ. ಕರೆಸಿ. ಬಂದ ದಿನ ಅವನ ಬೆನ್ನ ಹಿಂದೆ ನಾನು ಕೂತ್ಕೋತೀನಿ."

ಡಾಕ್ಟರು ಪೆನ್ನು ತೆಗೆದಳು. ಹಾಲಿಸೆ ಐದನೆಯ ಕಟ್ಟಿನ ದಾರ ಬಿಚ್ಚಿದಳು.